ಅಂಟಿದ ಮುಖ ಲೆಕ್ಕಕ್ಕಿಲ್ಲ

ಒಂಬತ್ತನೇ ತರಗತಿಯ ಮಕ್ಕಳಿಗೆ ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. ಪ್ರಿಸಂ, ಪಿರಮಿಡ್ ಪಾಠ ಬಂದಾಗ ರಟ್ಟಿನ ಡಬ್ಬಿಯ ಮೇಲೆ ಅದೇ ಅಳತೆಯ ತಳದ ಪಿರಮಿಡ್ ಕೂರಿಸಿ, ಹೊರಗೆಲ್ಲ ಬಣ್ಣದ ಕಾಗದ ಅಂಟಿಸಲು ಎಷ್ಟು ಬೇಕು ಎಂದು ಕೇಳುತ್ತೇನೆ. ತ್ರಿಕೋನಕ್ಕೆ ಓರೆ ಎತ್ತರ ಬಿಟ್ಟು ನೆಟ್ಟಗಿನ ಎತ್ತರ ಹಾಕುವವರಿದ್ದಾರೆ, ಅವರಿಗೆ ಮೊದಲು ಮಂಗಳಾರತಿ. ಉಳಿದವರು ಎರಡರ ಮೇಲ್ಮೈ ವಿಸ್ತೀರ್ಣವನ್ನೂ ಪೂರ್ತಿ ಕಂಡುಹಿಡಿದು ಕೂಡಿಬಿಡುತ್ತಾರೆ.

"ಡಬ್ಬಿ ಮುಚ್ಚಳ, ಪಿರಮಿಡ್ ತಳ ಒಂದಕ್ಕೊಂದು ಅಂಟ್ಕೊಂಡಿವೆ ಕಣ್ರೋ. ಅಲ್ಲಿ ಕಾಗದ ಹೇಗೆ ಅಂಟಿಸ್ತೀರಾ? ಎರಡನ್ನೂ ಕಳೀರಿ."

ನಮ್ಮ ಮನೆಯೂ ಅಂಥದ್ದೇ. ಹಲಸೂರಿನ ಗಲ್ಲಿಯೊಂದರಲ್ಲಿ ಅಪ್ಪ, ಚಿಕ್ಕಪ್ಪ ಸೇರಿ ನಡುವೆ ಒಂದೇ ಗೋಡೆ ಇಟ್ಟು ಎರಡು ಮನೆ ಕಟ್ಟಿದ್ದರು. ಅಪ್ಪನ ಮಂಚ ಆ ಗೋಡೆಗೇ ಆತುಕೊಂಡಿತ್ತು. ಬೆಳಗ್ಗೆ ಆ ಕಡೆಯಿಂದ ಚಿಕ್ಕಪ್ಪ ಎರಡು ಸಲ ಬಡಿದರೆ ಅಲ್ಲಿ ಕಾಫಿ ಆಗಿದೆ ಎಂದರ್ಥ. ಅಪ್ಪ ತಾವೂ ಎರಡು ಸಲ ಬಡಿದು, ಎದ್ದು ಹೋಗುತ್ತಿದ್ದರು.

ಹೋದ ವರ್ಷ ಚಿಕ್ಕಪ್ಪ ಅಣ್ಣನಿಗೆ ಒಂದು ಮಾತೂ ಹೇಳದೆ ತಮ್ಮ ಪಾಲನ್ನು ಬಿಲ್ಡರಿಗೆ ಮಾರಿ ಹೊರಮಾವಿನ ಫ್ಲ್ಯಾಟಿಗೆ ಹೋದರು. ಅಪ್ಪ ಅವರ ಜೊತೆ ಮಾತು ಬಿಟ್ಟರು. ಆ ಮನೆ ಕೆಡವಿದಾಗ ನಡುಗೋಡೆ ಬಯಲಿಗೆ ಬಿತ್ತು. ಚಿಕ್ಕಮ್ಮನ ಅಡುಗೆಮನೆಯ ಹಸಿರು ಬಣ್ಣ, ಒಗ್ಗರಣೆಯ ಜಿಡ್ಡು, ಕ್ಯಾಲೆಂಡರ್ ಮೊಳೆ ಎಲ್ಲ ದಾರಿಹೋಕರ ಕಣ್ಣಿಗೆ.

ಮಳೆಗೆ ಗೋಡೆ ನೆನೆದು ಅಪ್ಪನ ಕೋಣೆಗೆ ತೇವ ಇಳಿಯಿತು, ಕೆಮ್ಮು ಹಿಡಿಯಿತು. ಗಾರೆ ಮಾಡಿಸೋಣ ಎಂದರೆ ಒಂದೇ ಹಟ. "ಅದು ಅವನ ಗೋಡೆ. ಬೇಕಿದ್ರೆ ಅವನೇ ಬಂದು ಮಾಡಿಸ್ಲಿ." ಕೆಮ್ಮು ಜೋರಾಗಿ ರಾತ್ರಿ ನಿದ್ದೆ ಕೆಟ್ಟ ಮೇಲೆ, "ಏನಾದ್ರೂ ಮಾಡ್ಕೊಳ್ಳಮ್ಮ" ಎಂದರು.

ಗಾರೆ ಆಯಿತು. ಹೇಗೂ ಆಗುತ್ತಿದೆ, ಹೊರಗೆಲ್ಲ ಬಣ್ಣ ಹೊಡೆಸೋಣವೆಂದು ವಿಸ್ತೀರ್ಣ ನಾನೇ ಲೆಕ್ಕ ಹಾಕಿ ಬಣ್ಣ ತರಿಸಿದೆ. ಡಬ್ಬಗಳು ಬಂದ ಮೇಲೆ ನೋಡುತ್ತೇನೆ, ಹಾಕಿದ್ದು ಮೂರೇ ಗೋಡೆಯ ಲೆಕ್ಕ! ಯಾವ ಗೋಡೆಗಾಗಿ ಇಷ್ಟೆಲ್ಲ ರಂಪವೋ ಅದನ್ನೇ ಕಳೆದುಬಿಟ್ಟಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ನಾನು ಹುಟ್ಟಿದಾಗಿನಿಂದ ಆ ಗೋಡೆಗೆ ಹೊರಮೈ ಎಂಬುದೇ ಇರಲಿಲ್ಲ. ನಗು ಬಂತು, ಹಿಂದೆಯೇ ಸಂಕಟವೂ ಆಯಿತು.

ಸಂಜೆ ಆ ಖಾಲಿ ಜಾಗಕ್ಕೆ ಹೋಗಿ ಗೋಡೆಯನ್ನು ಸರಿಯಾಗಿ ಅಳೆದೆ. ಗಾರೆ ಎಲ್ಲಾದರೂ ಟೊಳ್ಳಾಗಿದೆಯೇ ಎಂದು ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ನೋಡಿದೆ.

ಒಳಗಿನಿಂದ ತಿರುಗಿ ಎರಡು ಸಲ ಬಡಿದ ಸದ್ದು. ಹಿಂದೆಯೇ ಅಪ್ಪನ ದನಿ: "ಬಂದ್ಯೇನೋ?"

ಅಪ್ಪ ಹಾಗೆ ಕೂಗುತ್ತಿದ್ದದ್ದು ಚಿಕ್ಕಪ್ಪನನ್ನು ಮಾತ್ರ. ಅಲ್ಲೇ ನಿಂತು ಹೊರಮಾವಿಗೆ ಫೋನ್ ಮಾಡಿದೆ.