ಉಪ್ಪಿಟ್ಟಿನ ಕೋಣೆಯ ಮಕ್ಕಳು

1983ರಲ್ಲಿ ನಾನು ತುಮಕೂರಿನಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ತೊದಲುವ, ಮಾತು ತಡವಾದ ಮಕ್ಕಳಿಗೆ ಮಾತಿನ ಅಭ್ಯಾಸ ಮಾಡಿಸುವ ಕೆಲಸ. ತಿಂಗಳಿಗೊಮ್ಮೆ ಮಧುಗಿರಿ, ಕೊರಟಗೆರೆ ಕಡೆಯ ಶಾಲೆಗಳಿಗೂ ಹೋಗಿಬರಬೇಕಿತ್ತು.

ಚನ್ನರಾಯನದುರ್ಗದ ಹತ್ತಿರದ ಒಂದು ಹಳ್ಳಿಶಾಲೆಗೆ ಮೊದಲ ಸಲ ಹೋದಾಗ ಹೆಡ್‌ಮಾಸ್ಟರು ಹಾರ ಹಿಡಿದು ನಿಂತಿದ್ದರು. ಮಾತಿನ ತೊಂದರೆಯಿರುವ ಮಕ್ಕಳನ್ನು ನೋಡಬೇಕೆಂದು ಮೊದಲೇ ಹೇಳಿಕಳಿಸಿದ್ದೆ. ಎದುರಿಗೆ ಬಂದವರೆಲ್ಲ ಮಗ್ಗಿ, ಪದ್ಯಗಳನ್ನು ನೀರು ಕುಡಿದಷ್ಟು ಸಲೀಸಾಗಿ ಒಪ್ಪಿಸುವವರೇ. ನನ್ನನ್ನು ಇನ್ಸ್‌ಪೆಕ್ಟರ್ ಎಂದುಕೊಂಡಿದ್ದರು, ಪುಣ್ಯಾತ್ಮರು!

“ತೊದಲೋ ಮಕ್ಕಳು ಒಬ್ಬರೂ ಇಲ್ವಾ ಸಾರ್?” ಎಂದೆ.

“ನಮ್ಮ ಸ್ಕೂಲ್ನಲ್ಲಿ ಅಂಥವರು ಇಲ್ವೇ ಇಲ್ಲ ಮೇಡಂ.”

ಮುಂದಿನ ಸಾಲಿನ ಹುಡುಗಿಯೊಬ್ಬಳು ಬಾಯಿ ತಡೆಯಲಾರದೆ, “ಅವ್ರುನ್ನ ಉಪ್ಪಿಟ್ಟು ರೂಮ್ನಾಗೆ ಕೂಡಾಕವ್ರೆ ಮಿಸ್” ಎಂದುಬಿಟ್ಟಳು.

ಮಕ್ಕಳ ಮಧ್ಯಾಹ್ನದ ಉಪ್ಪಿಟ್ಟಿಗೆ ರವೆ ಇಡುವ ಕೋಣೆ ಅದು. ಉಪ್ಪಿಟ್ಟು ಬೇಯಿಸುವ ಈರಕ್ಕ ಬಾಗಿಲಲ್ಲಿ ಕಾವಲು ಕೂತಿದ್ದಳು. ಚಿಲಕ ತೆಗೆಸಿದೆ. ಮೂಟೆಗಳ ನಡುವೆ ನಾಲ್ಕು ಮಕ್ಕಳು, ತುಟಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದವು. ಅವರಲ್ಲಿ ಏಳು ವರ್ಷದ ಕರಿಯಮ್ಮ ಈರಕ್ಕನ ಮಗಳೇ.

“ಉಸ್ರೆತ್ತಬ್ಯಾಡ ಅಂತ ನಾನೇ ಯೋಳಿದ್ದೆ ಕಣಮ್ಮ” ಎಂದಳು ಈರಕ್ಕ. “ಇವ್ಳು ನಿಮ್ ಕಣ್ಣಿಗ್ ಬಿದ್ರೆ ಇಸ್ಕೂಲ್ ಬುಡುಸ್ಬುಡ್ತೀನಿ ಅಂದ್ರು ಮೇಷ್ಟ್ರು.”

ನನಗೆ ಮೈಯೆಲ್ಲ ಉರಿದುಹೋಯಿತು. ಹೆತ್ತ ತಾಯಿಯನ್ನೇ ಮಗಳ ಬಾಯಿಗೆ ಕಾವಲು ಹಾಕಿದ್ದರಲ್ಲ!

ಅಲ್ಲೇ ನೆಲದ ಮೇಲೆ ಕೂತು, ಕಲ್ಲುಹರಳು ಹರಡಿ ಅಂಗಡಿ ಆಟ ಶುರುಮಾಡಿದೆ. ತೊದಲುವ ಮಗುವಿಗೆ ‘ಸರಿಯಾಗಿ ಹೇಳು’ ಅನ್ನಬಾರದು. ನಾವು ನಿಧಾನವಾಗಿ ಮಾತಾಡಿ, ಅದರ ಮಾತು ಮುಗಿಯುವವರೆಗೆ ಕಾಯಬೇಕು. ಥೆರಪಿಯಲ್ಲಿ ಅರ್ಧ ಪಾಲು ಈ ಕಾಯುವುದೇ.

“ಬೆಲ್ಲಕ್ಕೆ ಎಷ್ಟಮ್ಮ?” ಎಂದು ಕರಿಯಮ್ಮನನ್ನು ಕೇಳಿದೆ.

“ಎ... ಎ...”

“ಎರಡು ರೂಪಾಯಿ ಅನ್ನೇ, ಬೇಗ!” ಹೆಡ್‌ಮಾಸ್ಟರು ಹಿಂದಿನಿಂದ ಗದರಿದರು. ಮಗು ಬಾಯಿ ಮುಚ್ಚಿಕೊಂಡಿತು.

“ಸಾರ್, ಇನ್ನೊಂದು ಮಾತಾಡಿದ್ರೆ ನಿಮ್ಮನ್ನ ಒಳಗೆ ಕೂರಿಸಿ ನಾನೇ ಚಿಲಕ ಹಾಕ್ತೀನಿ. ಮುಂದಿನ ತಿಂಗಳು ಬಂದಾಗ ಈ ಮಗು ಇಲ್ಲಿರಬೇಕು” ಎಂದೆ.

ಅವರ ಮುಖ ಬಿಳಿಚಿಕೊಂಡಿತು. ಒಬ್ಬ ಜವಾನನನ್ನು ವರ್ಗ ಮಾಡಿಸುವ ಅಧಿಕಾರವೂ ನನಗಿರಲಿಲ್ಲ. ಹಾಗೆಂದು ಅವರಿಗೆ ಹೇಳುವ ಗೋಜಿಗೆ ನಾನು ಹೋಗಲಿಲ್ಲ. ಕರಿಯಮ್ಮ ಶಾಲೆಯಲ್ಲಿ ಉಳಿದದ್ದು ಅವರ ಆ ಹೆದರಿಕೆಯಿಂದ. ನೆನೆದರೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ.

ತಿಂಗಳು ತಿಂಗಳೂ ಹೋದೆ. ಕಾಯುವುದನ್ನು ಈರಕ್ಕನಿಗೆ ಕಲಿಸಿದೆ, ತರಗತಿಯ ಮಕ್ಕಳಿಗೆ ಕಲಿಸಿದೆ. ಬೇಗ ಕಲಿಯದವರು ಹೆಡ್‌ಮಾಸ್ಟರು ಒಬ್ಬರೇ. ಮಗುವಿನ ಮಾತು ತಿದ್ದುವ ಮೊದಲು ಕೇಳುವವರನ್ನು ತಿದ್ದಬೇಕೆಂದು ಈ ಕೆಲಸ ನನಗೆ ಕಲಿಸಿತು. ಆ ಮೇಷ್ಟ್ರನ್ನು ತಿದ್ದಿದವಳು ಮಾತ್ರ ಕರಿಯಮ್ಮನೇ.

ಮಾರನೆಯ ವರ್ಷ ಒಂದು ದಿನ ಅವಳು ಅಮ್ಮನ ಜೊತೆ ಗೊರವನಹಳ್ಳಿಗೆ ಬಸ್ಸಿನಲ್ಲಿ ಹೋಗಿಬಂದದ್ದನ್ನು ತೊದಲುತ್ತಲೇ ನನಗೆ ಹೇಳುತ್ತಿದ್ದಳು. ಹೆಡ್‌ಮಾಸ್ಟರು ಅಭ್ಯಾಸಬಲದಿಂದ ನಡುವೆ ಬಾಯಿ ಹಾಕಿದರು. ಅವಳು ಅವರ ಕಡೆ ತಿರುಗಿದಳು.

“ತ... ತ... ತಡೀರಿ ಸಾ. ನಾನಿನ್ನೂ ಯೋಳ್ತಾ ಇವ್ನಿ.”

ಮೇಷ್ಟ್ರು ಕಾದರು.