ಹಳೇ ದಿಲ್ಲಿಯ ಬೆಕ್ಕುಗಳ ವಂಶಾವಳಿ

ಹಾಲಿನ ಲೋಟವನ್ನು ಒಮ್ಮೆ ಮೂಸಿ ನೋಡದೆ ನಾನು ಬಾಯಿಗಿಟ್ಟದ್ದಿಲ್ಲ. ಈ ವಿಷಯದಲ್ಲಿ ಬೆಕ್ಕೇ ನನಗಿಂತ ವಾಸಿ ಎಂದು ಹೆಂಡತಿ ಹೇಳುವುದುಂಟು. ಹಾಕಿದ ಬೀಗವನ್ನು ಮೂರು ಸಲ ಜಗ್ಗುವವನು ನಾನು. ಗಾಡಿಯಲ್ಲಿ ಹಣ್ಣು ಮಾರುವ ಭಯ್ಯಾ ತುಂಬಾ ಸಿಹಿ ಎಂದರೆ ಪಕ್ಕದ ಗಾಡಿಗೆ ಹೋಗುತ್ತೇನೆ.

ಇಂಥವನ ಮಗಳು ನಂದಿತಾ, ಲೋಧಿ ಕಾಲೋನಿಯ ಸರ್ಕಾರಿ ಮನೆಯಲ್ಲಿ ಬೆಳೆದವಳು, ಹಳೇ ದಿಲ್ಲಿಯ ಗಲ್ಲಿಗಳಲ್ಲಿ ಹಳೆ ಮನೆತನಗಳ ಬೆಕ್ಕುಗಳನ್ನು ಪ್ರವಾಸಿಗರಿಗೆ ತೋರಿಸುವ ‘ಐತಿಹಾಸಿಕ ಬೆಕ್ಕುಗಳ ನಡಿಗೆ’ಗೆ ಗೈಡ್ ಆಗಲು ಹೊರಟಳು. ಆ ಭಾನುವಾರ ಅವಳ ಮೊದಲ ನಡಿಗೆ. ಬಂದವರು ಮೆಚ್ಚಿದರೆ ಮಾತ್ರ ಕೆಲಸ ಖಾಯಂ. ನಾನೂ ಬರುತ್ತೇನೆಂದಾಗ ಕೈಮುಗಿದಳು. “ಅಪ್ಪಾ, ಪ್ಲೀಸ್, ಸವಾಲ್ ಕೇಳ್ಬೇಡಿ. ಚುಪ್‌ಚಾಪ್ ನಡೀರಿ, ಬಸ್.”

ಬಾಯಿ ಮುಚ್ಚಿಕೊಂಡೆ. ಅನುಮಾನಕ್ಕೆ ಬಾಯಿ ಬೇಕಿಲ್ಲವಲ್ಲ! ಹವೇಲಿಯೊಂದರ ಬಾಗಿಲಲ್ಲಿ ಎಡಗಿವಿ ಹರಿದ ಕಂದು ಬೆಕ್ಕು ಕುಳಿತಿತ್ತು. ನಂದಿತಾಳ ಪ್ರಕಾರ ಅದರ ಪೂರ್ವಜರು ಹಕೀಮರೊಬ್ಬರ ಔಷಧಿ ಮೂಟೆಗಳನ್ನು ಇಲಿಗಳಿಂದ ಕಾದವರು. ರಾಜರ ವಂಶಾವಳಿಯಲ್ಲೇ ನಾಲ್ಕಾರು ಕಡೆ ಎಳೆ ತಪ್ಪಿರುತ್ತದೆ. ಬೆಕ್ಕಿನ ಮುತ್ತಜ್ಜನನ್ನು ಬರೆದಿಟ್ಟವರು ಯಾರು? ಯಾರೂ ಫೋಟೋಗೆ ಮೊಬೈಲ್ ಎತ್ತುವ ಮೊದಲೇ ಅದು ಒಳಗೆ ನುಸುಳಿತು. ಅದೂ ಅನುಮಾನಾಸ್ಪದವೇ. ಮುಂದಿನ ಗಲ್ಲಿಯಲ್ಲಿ ಮಸಾಲೆ ವ್ಯಾಪಾರಿಯ ಮನೆತನದ್ದೆಂದು ಅವಳು ತೋರಿಸಿದ ಬೆಕ್ಕು ಗೋಡೆಯ ಮೇಲೆ ಮೈ ನೆಕ್ಕುತ್ತಿತ್ತು. ಕಂದು ಬಣ್ಣ. ಎಡಗಿವಿ ಹರಿದಿತ್ತು.

ಬಾಯಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡೆ. ಆದರೆ ಗುರುಗ್ರಾಮದಿಂದ ಬಂದಿದ್ದ ಕಂಪನಿ ಸಾಹೇಬರೊಬ್ಬರು ಕೈಯೆತ್ತಿದರು. “ಮೇಡಂ, ಏ ತೋ ವಹೀ ಬಿಲ್ಲಿ ಹೈ ನಾ?” ಅದೇ ಬೆಕ್ಕಲ್ಲವೇ ಎಂದು ಎಲ್ಲರೂ ನಂದಿತಾಳತ್ತ ತಿರುಗಿದರು. ಅವಳ ಮುಖ ಬಿಳಿಚಿತು. ನನ್ನದೇ ಪ್ರಶ್ನೆ ಇನ್ನೊಬ್ಬರ ಬಾಯಲ್ಲಿ ಎಷ್ಟು ಕೆಟ್ಟದಾಗಿ ಕೇಳಿಸುತ್ತದೆಂದು ಅಂದೇ ತಿಳಿದದ್ದು.

“ನಹೀ ಜೀ,” ಎಂದೆ, ಕನ್ನಡಕ ಸರಿಪಡಿಸಿಕೊಂಡು. ಮೊದಲಿನದಕ್ಕೆ ಹರಿದದ್ದು ಬಲಗಿವಿ, ನಾನು ಸರಿಯಾಗಿ ನೋಡಿದ್ದೇನೆ ಎಂದು ಹಿಂದಿಯಲ್ಲಿ ಸುಳ್ಳು ಹೇಳಿದೆ. ಜೀವಮಾನವಿಡೀ ಸರ್ಕಾರಿ ಕಡತಗಳನ್ನು ಅನುಮಾನಿಸಿದ ಮುಖ ನನ್ನದು, ಸಾಹೇಬರು ನಂಬಿದರು. ನಡಿಗೆ ಮುಂದುವರಿಯಿತು, ಕೊನೆಯಲ್ಲಿ ಚಪ್ಪಾಳೆಯೂ ಬಿತ್ತು.

ವಾಪಸು ಬರುವಾಗ ಮೆಟ್ರೋದಲ್ಲಿ ನಂದಿತಾ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು.

“ಸಚ್ ಹೇಳಿ ಅಪ್ಪಾ, ಬಲಗಿವಿನಾ?”

“ಬಲಗಿವೀನೇ.”

ನಂಬಿದ ಹಾಗೆ ಕಾಣಲಿಲ್ಲ. ಮಾತು ಮರೆಸಲು ಚೀಲದಿಂದ ಮಜ್ಜಿಗೆ ಬಾಟಲಿ ತೆಗೆದುಕೊಟ್ಟೆ. ಮುಚ್ಚಳ ಬಿಚ್ಚಿದಳು; ಕುಡಿಯುವ ಮೊದಲು ಒಮ್ಮೆ ಮೂಸಿ ನೋಡಿದಳು.

ಹಳೇ ದಿಲ್ಲಿಯ ಬೆಕ್ಕುಗಳ ವಂಶದ ಬಗ್ಗೆ ನನಗೆ ಇಂದಿಗೂ ನಂಬಿಕೆಯಿಲ್ಲ. ನಮ್ಮ ವಂಶದ ಬಗ್ಗೆ ಮಾತ್ರ ಅನುಮಾನವಿಲ್ಲ.