ಲೋಕಲ್

ಶಾಲೆಯಲ್ಲಿ ಇಂಗ್ಲಿಷ್ ಮೇಡಂ 'ಲೋಕಲ್' ಎಂದರೆ ಸ್ಥಳೀಯ ಎಂದು ಬರೆಸಿದ್ದರು. ಆಗ ವೈಟ್‌ಫೀಲ್ಡ್ ಪಕ್ಕದ ನಮ್ಮೂರಿನ ಗಂಡಸರಿಗೆ ಆ ಪದ ಮೀಸೆಯಿದ್ದ ಹಾಗೆ. ಕಂಪನಿ ಗೇಟಿನಲ್ಲಿ ತಡೆದರೆ "ನಾವ್ ಲೋಕಲ್ಲು ಕಣ್ರೀ" ಅಂದರೆ ಸಾಕು, ಸೆಕ್ಯುರಿಟಿಯವನು ದಾರಿ ಬಿಡುತ್ತಿದ್ದ. ಆಮೇಲೆ ಅದು ಅಂಗಡಿಗೆ ಬಂತು: "ಲೋಕಲ್ ಮಾಲು ಬೇಡ, ಕಂಪನೀದೇ ಕೊಡಿ." ಕಡೆಗೆ ನಮ್ಮ ಆಫೀಸಿಗೂ ಬಂತು. ಜೋರಾಗಿ ನಕ್ಕವಳು ಲೋಕಲ್, ಮಿರಿಮಿರಿ ಅಂಗಿಯವನು ಲೋಕಲ್. ಹಾಗೆ ಆಡಿಕೊಂಡು ನಾನೂ ನಕ್ಕಿದ್ದೇನೆ.

ಮೊನ್ನೆ ಆಫೀಸ್ ಕ್ಯಾಬ್‌ನಲ್ಲಿ ಸಹೋದ್ಯೋಗಿಯೊಬ್ಬಳ ಜೊತೆ ಹೊರಟಿದ್ದೆ. ನಮ್ಮೂರ ಬಾಗಿಲಲ್ಲೇ ರಸ್ತೆ ಅಗೆದಿದ್ದರು. ಕಲಬುರಗಿ ಕಡೆಯ ಡ್ರೈವರ್ ಹಿಂದೆ ತಿರುಗಿ, "ನೀವು ಲೋಕಲ್ ಏನ್ರಿ ಮೇಡಂ?" ಎಂದ.

"ಛೇ, ಅಲ್ಲಪ್ಪ!" ಎಂದುಬಿಟ್ಟೆ.

ಯೋಚಿಸಿ ಹೇಳಿದ ಸುಳ್ಳಲ್ಲ. ಏಟು ಬೀಳುವಾಗ ಕೈ ಅಡ್ಡ ಹೋಗುತ್ತದಲ್ಲ, ಹಾಗೆ ಬಾಯಿಗೆ ಬಂತು. ಪಾಪ, ಅವನಿಗೆ ಬೇಕಿದ್ದದ್ದು ಬೇರೊಂದು ದಾರಿ, ಅಷ್ಟೆ. ಗಾಡಿ ನಿಲ್ಲಿಸಿ, ಟೀ ಅಂಗಡಿಯ ಬೆಂಚಿನ ಮೇಲಿದ್ದ ಹಿರಿಯರೊಬ್ಬರನ್ನು ಕೂಗಿದ. ನೋಡಿದರೆ ನನ್ನ ದೊಡ್ಡಪ್ಪ! ನಾನು ಮೊಬೈಲಿನೊಳಗೆ ಮುಖ ಹುದುಗಿಸಿದೆ.

"ಯಜಮಾನ್ರ, ನೀವು ಲೋಕಲ್ ಏನ್ರಿ?"

"ಊಂ ಕಣಪ್ಪ, ಉಟ್ಟಿ ಬೆಳ್ದಿದ್ದೇ ಇಲ್ಲಿ" ಎನ್ನುತ್ತ ದೊಡ್ಡಪ್ಪ ಎದ್ದು ಬಂದು ಕಿಟಕಿಯಲ್ಲಿ ಬಗ್ಗಿದರು. ನನ್ನನ್ನು ಕಂಡದ್ದೇ ಅವರ ಮುಖ ಅರಳಿತು.

"ನನ್ನನ್ಯಾಕ್ ಕೇಳ್ತೀಯೋ? ಒಳಗೇ ಕುಂತವ್ಳಲ್ಲ, ನಮ್ಮ ಲೋಕಲ್ಲು!"